ನುಡಿಸೋದಷ್ಟೇ ಆದ್ರೆ ಸಣ್ಣ ಹೋಸ್ಟ್ ಸಾಕು

ಪ್ರಶ್ನೆ: ಸರ್, ನಂದು ಹಳೇ ವಿಂಡೋಸ್ ಲ್ಯಾಪ್‌ಟಾಪು, 4 ಜಿಬಿ ರ‍್ಯಾಮ್. ಯುಎಸ್‌ಬಿ ಮಿಡಿ ಕೀಬೋರ್ಡ್ ತಗೊಂಡಿದೀನಿ, ಅದಕ್ಕೆ ಸ್ವಂತ ಸೌಂಡ್ ಇಲ್ಲ. ಭಾವಗೀತೆ ಕಾರ್ಯಕ್ರಮಕ್ಕೆ ಪಿಯಾನೋ, ಸ್ಟ್ರಿಂಗ್ಸ್ ನುಡಿಸಿದ್ರೆ ಸಾಕು, ರೆಕಾರ್ಡಿಂಗ್ ಎಲ್ಲ ಬೇಡ. ಒಬ್ರು ರೀಪರ್ ಅನ್ನೋ ಮ್ಯೂಸಿಕ್ ಸಾಫ್ಟ್‌ವೇರ್ ಹಾಕ್ಕೊಳಿ ಫ್ರೀ ಅಂತಾರೆ, ಇನ್ನೊಬ್ರು ಎಲ್‌ಎಂಎಂಎಸ್ ಅಂತಾರೆ. ಈಗ ಇರೋದ್ರಲ್ಲಿ ಕೀ ಒತ್ತಿ ಸ್ವಲ್ಪ ಹೊತ್ತಾದ್ಮೇಲೆ ಸೌಂಡ್ ಬರ್ತಿದೆ. ಯಾವುದು ಹಾಕಲಿ?
– ಓದುಗರು, ದಾವಣಗೆರೆ

ಉತ್ತರ: ರೀಪರ್ ಫ್ರೀ ಅಲ್ಲ, 60 ದಿನ ಟ್ರಯಲ್ ಅಷ್ಟೇ, ಆಮೇಲೂ ಓಪನ್ ಆಗುತ್ತೆ ಅಂತ ಎಲ್ರೂ ಹಂಗೇ ಇಟ್ಕೊಂಡಿರ್ತಾರೆ. ಎಲ್‌ಎಂಎಂಎಸ್ ನಿಜವಾಗ್ಲೂ ಫ್ರೀ, ಆದ್ರೆ ಅದು ಕೂತು ಟ್ರ್ಯಾಕ್ ಕಂಪೋಸ್ ಮಾಡೋರಿಗೆ. ನಿಮಗೆ ಬೇಕಾಗಿರೋದು ಪ್ಲಗಿನ್, ಅಂದ್ರೆ ವಾದ್ಯದ ಸೌಂಡ್ ಕೊಡೋ ಸಣ್ಣ ಸಾಫ್ಟ್‌ವೇರ್, ಓಪನ್ ಮಾಡಿ, ಕೀಬೋರ್ಡ್‌ನಿಂದ ಬಂದ ನೋಟ್ ಅದಕ್ಕೆ ಕೊಟ್ಟು, ಸೌಂಡ್ ಹೊರಗೆ ಬಿಡೋ ಒಂದು ಸಣ್ಣ ಹೋಸ್ಟ್. ಇಷ್ಟಕ್ಕೆ ಇಡೀ ಸ್ಟುಡಿಯೋ ಸಾಫ್ಟ್‌ವೇರ್ ಹಾಕಿ ಆ ಪಾಪದ ಲ್ಯಾಪ್‌ಟಾಪ್‌ನ ಯಾಕೆ ಸುಸ್ತು ಮಾಡ್ತೀರಿ.

ಒಂದೇ ವಾದ್ಯ ಸಾಕು ಅಂದ್ರೆ ಹರ್ಮನ್ ಸೈಬ್ ಅವರ ಸಾವಿಹೋಸ್ಟ್ ನೋಡಿ, ಇನ್‌ಸ್ಟಾಲ್ ಕೂಡ ಮಾಡ್ಬೇಕಿಲ್ಲ. ಸಾವಿಹೋಸ್ಟ್ ಫೈಲಿಗೆ ನಿಮ್ಮ ಪ್ಲಗಿನ್‌ನ ಡಿಎಲ್‌ಎಲ್ ಫೈಲಿನ ಹೆಸರನ್ನೇ ಇಟ್ಟು ಎರಡನ್ನೂ ಒಂದೇ ಫೋಲ್ಡರಲ್ಲಿ ಹಾಕಿ ಡಬಲ್ ಕ್ಲಿಕ್ ಮಾಡಿದ್ರೆ ಪಿಯಾನೋ ನೇರವಾಗಿ ಓಪನ್ ಆಗುತ್ತೆ. 64 ಬಿಟ್ ಪ್ಲಗಿನ್ ಇದ್ರೆ ಸಾವಿಹೋಸ್ಟೂ 64 ಬಿಟ್ಟಿಂದೇ ಇರ್ಬೇಕು, ಜಾಸ್ತಿ ಜನ ಎಡವೋದೇ ಇಲ್ಲಿ. ನಿಮ್ಮ ಥರ ಪಿಯಾನೋ ಮೇಲೆ ಸ್ಟ್ರಿಂಗ್ಸ್ ಕೂಡಿಸಿ ನುಡಿಸೋರಿಗೆ ಮಾತ್ರ ಕ್ಯಾಂಟಬೈಲ್ ಲೈಟ್ ವಾಸಿ, ಸ್ಟೇಜ್ ಮೇಲೆ ನುಡಿಸೋರಿಗೆ ಅಂತಲೇ ಮಾಡಿರೋದು. ಕಾರ್ಯಕ್ರಮದ ಹಾಡುಗಳನ್ನ ಸೆಟ್ ಲಿಸ್ಟ್ ಮಾಡಿಡೋ ಸೌಲಭ್ಯ ದುಡ್ಡು ಕೊಟ್ಟೋರಿಗೆ, ಆದ್ರೆ ಒಂದೊಂದು ಹಾಡಿಗೆ ಒಂದೊಂದು ಫೈಲ್ ಸೇವ್ ಮಾಡ್ಕೊಂಡ್ರೂ ನಡೆಯುತ್ತೆ. ನನ್ನ ಓಟು ಇದಕ್ಕೇ.

ಈಗ ಲೇಟಾಗೋ ವಿಷ್ಯ. ಇದಕ್ಕೆ ಹೋಸ್ಟ್ ಬದಲಾಯಿಸ್ತಾ ಕೂತ್ರೆ ಪ್ರಯೋಜನ ಇಲ್ಲ, ತೊಂದ್ರೆ ಇರೋದು ಸಾಮಾನ್ಯವಾಗಿ ಡ್ರೈವರಲ್ಲಿ, ಅಂದ್ರೆ ಸೌಂಡನ್ನ ಲ್ಯಾಪ್‌ಟಾಪಿನ ಸೌಂಡ್ ಕಾರ್ಡಿಗೆ ತಲುಪಿಸೋ ಸಾಫ್ಟ್‌ವೇರಲ್ಲಿ. ವಿಂಡೋಸಿನ ಹಳೇ ಎಂಎಂಇ ಡ್ರೈವರಲ್ಲಿ ಸೌಂಡ್ ಹೊರಗೆ ಬರೋಕೆ ತಡ ಆಗುತ್ತೆ. ಆಸಿಯೋ4ಆಲ್ ಅಂತ ಫ್ರೀ ಡ್ರೈವರ್ ಹಾಕಿ, ಹೋಸ್ಟಿನ ಆಡಿಯೋ ಸೆಟ್ಟಿಂಗಲ್ಲಿ ಅದನ್ನ ಆರಿಸಿ, ಬಫರ್ 256 ಇಟ್ಟು ನೋಡಿ. ಬಫರ್ ಅಂದ್ರೆ ಹೊರಗೆ ಬಿಡೋ ಮುಂಚೆ ಒಟ್ಟಿಗೆ ಕೂಡಿಟ್ಕೊಳೋ ಸ್ಯಾಂಪಲ್‌ಗಳ, ಅಂದ್ರೆ ಸೌಂಡಿನ ಚೂರುಗಳ, ಲೆಕ್ಕ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 256 ಅಂದ್ರೆ 6 ಮಿಲಿಸೆಕೆಂಡು ಕೂಡ ಇಲ್ಲ, ಅದೇ 2048 ಇದ್ರೆ 46 ಮಿಲಿಸೆಕೆಂಡು, ಆಗ ತಬಲಾದವರು ನಿಮ್ಮನ್ನ ತಿರುಗಿ ನೋಡ್ತಾರೆ. ಬೇರೆ ಕಡೆ ಇನ್ನೂ ಸ್ವಲ್ಪ ತಡ ಸೇರ್ಕೊಳುತ್ತೆ ಅನ್ನಿ, ಆದ್ರೂ 256ಕ್ಕೆ ಕೈಗೂ ಕಿವಿಗೂ ಹೊಂದುತ್ತೆ. ಚಟ್‌ಚಟ್ ಅಂತ ಸೌಂಡ್ ಒಡೀತಿದ್ರೆ 512ಕ್ಕೆ ಏರಿಸಿ. ಬ್ಲೂಟೂತ್ ಸ್ಪೀಕರ್ ಮಾತ್ರ ಬೇಡವೇ ಬೇಡ, ಅದರ ತಡ ಯಾವ ಸೆಟ್ಟಿಂಗಿಗೂ ಬಗ್ಗಲ್ಲ, ವೈರ್ ಹಾಕಿ ಮಿಕ್ಸರಿಗೆ ಕೊಡಿ. 4 ಜಿಬಿ ರ‍್ಯಾಮಿಗೆ ನಿಜವಾದ ಪಿಯಾನೋ ರೆಕಾರ್ಡ್ ಮಾಡಿ ತುಂಬಿರೋ ದೊಡ್ಡ ಸ್ಯಾಂಪಲ್ ಪಿಯಾನೋ ಭಾರ, ಚಿಕ್ಕದ್ರಿಂದಾನೇ ಶುರು ಮಾಡಿ. ಕಾರ್ಯಕ್ರಮದ ದಿನ ವೈಫೈ ಆಫ್ ಮಾಡಿಡಿ, ವಿಂಡೋಸ್ ಅಪ್‌ಡೇಟ್ ಬರೋದು ಸರಿಯಾಗಿ ಪಲ್ಲವಿ ಎತ್ತೋ ಹೊತ್ತಿಗೇ!

ಪ್ರಶ್ನೆ: ಆಡಾಸಿಟಿ ಅನ್ನೋ ರೆಕಾರ್ಡಿಂಗ್ ಸಾಫ್ಟ್‌ವೇರಲ್ಲಿ ಪಿಯಾನೋ ಪ್ಲಗಿನ್ ಹಾಕಿದ್ರೂ ಕಾಣ್ತಿಲ್ಲ, ಯಾಕೆ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ಕಾಣಲ್ಲಮ್ಮ. ಆಡಾಸಿಟಿಗೆ ಎಕೋ, ರಿವರ್ಬ್ ಥರದ ಎಫೆಕ್ಟ್ ಪ್ಲಗಿನ್ ಮಾತ್ರ ಆಗುತ್ತೆ, ವಾದ್ಯದ ಪ್ಲಗಿನ್ ತಗೊಳಲ್ಲ. ನುಡಿಸಿದ್ದನ್ನ ರೆಕಾರ್ಡೂ ಮಾಡ್ಬೇಕು ಅಂದ್ರೆ ವೇವ್‌ಫಾರ್ಮ್ ಫ್ರೀ ಅನ್ನೋ ಸ್ಟುಡಿಯೋ ಸಾಫ್ಟ್‌ವೇರ್ ಹಾಕ್ಕೋ, ಎಷ್ಟು ಟ್ರ್ಯಾಕ್ ಬೇಕಾದ್ರೂ ಮಾಡ್ಬಹುದು. ಮೊದಮೊದ್ಲು ಅದರ ಸ್ಕ್ರೀನ್ ನೋಡಿ ತಲೆಕೆಡುತ್ತೆ, ಒಂದು ವಾರ ತಾಳ್ಮೆ ಇರ್ಲಿ.

ಪ್ರಶ್ನೆ: ಮ್ಯಾಕ್‌ನಲ್ಲಿ ಗ್ಯಾರೇಜ್‌ಬ್ಯಾಂಡ್ ಇದೆ, ಡೌನ್‌ಲೋಡ್ ಮಾಡಿದ ವಿಎಸ್‌ಟಿ ಪ್ಲಗಿನ್ ಅದರಲ್ಲಿ ಬರ್ತಿಲ್ಲ.
– ಓದುಗರು, ಮೈಸೂರು

ಉತ್ತರ: ಗ್ಯಾರೇಜ್‌ಬ್ಯಾಂಡಿಗೆ ಆಡಿಯೋ ಯೂನಿಟ್ (ಎಯು) ಅನ್ನೋ ಜಾತಿಯ ಪ್ಲಗಿನ್ನೇ ಆಗ್ಬೇಕು, ವಿಎಸ್‌ಟಿ ಅನ್ನೋ ಜಾತಿ ಅದಕ್ಕೆ ಆಗಲ್ಲ. ಸರ್ಜ್ ಎಕ್ಸ್‌ಟಿ, ಡೆಕ್ಸ್ಡ್ ಥರದ ಫ್ರೀ ಪ್ಲಗಿನ್‌ಗಳು ಎರಡೂ ರೂಪದಲ್ಲಿ ಬರ್ತವೆ, ಇನ್‌ಸ್ಟಾಲ್ ಮಾಡೋವಾಗ ಎಯು ಅಂತ ಇರೋದಕ್ಕೆ ಟಿಕ್ ಹಾಕಿ. ಆಮೇಲೂ ಕಾಣ್ಲಿಲ್ಲ ಅಂದ್ರೆ ಮ್ಯಾಕ್ ಒಂದ್ಸಲ ರೀಸ್ಟಾರ್ಟ್ ಮಾಡಿ ನೋಡಿ.