ಅಡಿಕೆ ಇಡುವ ಮೊದಲು ಡ್ರಮ್ ಇಡಿ

ಪ್ರಶ್ನೆ: ನಮ್ಮದು ಚಳ್ಳಕೆರೆ ತಾಲ್ಲೂಕು. ನಾಲ್ಕು ಎಕರೆ ಹೊಲ, ಅರವತ್ತು ಕುರಿ. ಎರಡು ಬೋರು ಫೇಲಾದ ಮೇಲೆ ಮೂರನೆಯದರಲ್ಲಿ ಒಂದೂವರೆ ಇಂಚು ನೀರು ಸಿಕ್ಕಿದೆ. ವಾಣಿವಿಲಾಸ ಸಾಗರ ಜಲಾಶಯವೂ ಕೋಡಿ ಬಿತ್ತಲ್ಲ, ಇನ್ನೇನು ಭಯ ಅಂತ ಅಕ್ಕಪಕ್ಕದವರು ಅಡಿಕೆ ಇಡುತ್ತಿದ್ದಾರೆ. ನಾನೂ ಎರಡು ಎಕರೆ ಇಡಲಾ? ಕುರಿ ಮಾರಿಬಿಡೋಣ ಅಂತಾನೆ ಮಗ.

ಉತ್ತರ: ಇಂಚಿನ ಲೆಕ್ಕ (ವಿ ಆಕಾರದ ಕಂಡಿಯಲ್ಲಿ ಬೋರಿನ ನೀರು ಎಷ್ಟು ಎತ್ತರ ಹರಿಯುತ್ತೆ ಅನ್ನುವುದು) ಬಿಡಿ. 200 ಲೀಟರ್ ಡ್ರಮ್ ಇಟ್ಟು ಎಷ್ಟು ನಿಮಿಷಕ್ಕೆ ತುಂಬುತ್ತೆ ನೋಡಿ. ನಿಮ್ಮ ಒಂದೂವರೆ ಇಂಚು ನಿಜವಾಗಿದ್ದರೆ ಎಂಟೊಂಬತ್ತು ನಿಮಿಷ ಬೇಕು, ಅಂದರೆ ಗಂಟೆಗೆ ಸುಮಾರು 1,400 ಲೀಟರ್. ತ್ರೀ ಫೇಸ್ ಕರೆಂಟು ಏಳು ಗಂಟೆ ಪೂರ್ತಿ ಕೊಟ್ಟರು ಅಂತಲೇ ಇಟ್ಟುಕೊಳ್ಳಿ (ಕೊಟ್ಟರೆ!), ದಿನಕ್ಕೆ ಹತ್ತು ಸಾವಿರ ಲೀಟರ್ ಹತ್ತಿರ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ 540ರ ಹತ್ತಿರ ಅಡಿಕೆ ಗಿಡ ಕೂರುತ್ತವೆ. ಬೆಳೆದ ಗಿಡಕ್ಕೆ ಬೇಸಿಗೆಯಲ್ಲಿ ಡ್ರಿಪ್‌ನಲ್ಲೇ ದಿನಕ್ಕೆ 20 ಲೀಟರ್ ಹಿಡಿದರೂ ಒಂದು ಎಕರೆಗೇ ನಿಮ್ಮ ಬೋರು ಮುಗಿಯಿತು. ಅದೂ ಈಗಿನ ನೀರಿನ ಲೆಕ್ಕ. ಏಪ್ರಿಲ್‌ನಲ್ಲಿ ಮತ್ತೆ ಡ್ರಮ್ ಇಡಿ, ಆಗ ಬರುವುದೇ ನಿಮ್ಮ ನಿಜವಾದ ನೀರು. ಶೇಂಗಾ ಒಂದು ವರ್ಷ ಕೈಕೊಟ್ಟರೆ ಬೀಜ, ಗೊಬ್ಬರ, ಕೂಲಿ ಹೋಗುತ್ತೆ. ಅಡಿಕೆ ಹಾಗಲ್ಲ, ಐದಾರು ವರ್ಷ ಸಾಕಿ, ಫಸಲು ಹಿಡಿಯುವ ಹೊತ್ತಿಗೆ ಬೋರು ಬತ್ತಿದರೆ ಟ್ಯಾಂಕರ್ ಹೊಡೆಸುತ್ತಾ ಕೂರಬೇಕು, ಅಲ್ವಾ?

ಇನ್ನು ವಾಣಿವಿಲಾಸ. 1907ರಲ್ಲಿ ಕಟ್ಟಿ ಮುಗಿಸಿದ ಆ ಅಣೆಕಟ್ಟು (ಜನರ ಬಾಯಲ್ಲಿ ಮಾರಿಕಣಿವೆ) 1933ರಲ್ಲಿ ಕೋಡಿ ಬಿತ್ತು. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ, 89 ವರ್ಷ ಬಿಟ್ಟು. ಆಮೇಲೆ 2025ರ ಜನವರಿಯಲ್ಲೂ ಬಿತ್ತು, ಸಂತೋಷವೇ. ಆದರೆ ಕಣಿವೆಯ ನೀರು ನಿಮ್ಮ ಹೊಲದ ಕೆಳಗಿನ ಬಂಡೆಗೆ ಬಂದೇ ಬರುತ್ತೆ ಅಂತ ಬರೆದುಕೊಟ್ಟವರು ಯಾರು?

ನನ್ನ ಮಾತು ಕೇಳುವುದಾದರೆ ಅರ್ಧ ಎಕರೆಗೆ ಡ್ರಿಪ್ ಹಾಕಿ ತರಕಾರಿ ಮಾಡಿ, ನೀರು ಇಳಿದರೆ ಆ ಸಲ ಸುಮ್ನೆ ಬಿಡಬಹುದು. ಬದುವಿನ ಪಕ್ಕ ಒಂದಷ್ಟು ಮೇವು. ಉಳಿದದ್ದು ಶೇಂಗಾ, ನಡುನಡುವೆ ತೊಗರಿ ಸಾಲು, ಒಂದು ಪಟ್ಟಿ ನವಣೆ ಇರಲಿ. ಶೇಂಗಾ ಬಳ್ಳಿ ಕುರಿಗೆ, ಕುರಿ ಗೊಬ್ಬರ ಹೊಲಕ್ಕೆ. ಊರವರೆಲ್ಲ ಗೊಬ್ಬರಕ್ಕಾಗಿ ದುಡ್ಡು ಕೊಟ್ಟು ರಾತ್ರಿ ಹೊಲದಲ್ಲಿ ಕುರಿಮಂದೆ ತರುಬಿಸುವಾಗ ನಿಮ್ಮ ಮನೆಯಲ್ಲೇ ಇರುವುದನ್ನು ಮಾರುತ್ತೀರಾ? ರಾತ್ರಿಗೊಂದು ಜಾಗಕ್ಕೆ ಮಂದೆ ಸರಿಸಿ, ಹಿಕ್ಕೆ ಬಿಸಿಲಿಗೆ ಒಣಗುವ ಮೊದಲೇ ಕುಂಟೆ ಹೊಡೆಸಿ. ಮಗನಿಗೆ ಕುರಿ ಕಾಯುವುದು ಬೇಸರವಾಗಿದ್ದರೆ ಅದು ಬೇರೆ ಮಾತು, ಅದನ್ನು ಅಡಿಕೆ ಲೆಕ್ಕಕ್ಕೆ ಸೇರಿಸಬೇಡಿ.

ಪ್ರಶ್ನೆ: ನಮ್ಮೂರ ಗೋಕಟ್ಟೆಯಲ್ಲಿ ಹೂಳು ತುಂಬಿ ಸಂಕ್ರಾಂತಿಗೇ ನೀರು ಖಾಲಿ. ಕುರಿಗೆ ನೀರು ಕುಡಿಸಲು ಬೋರಿನವರ ಹತ್ತಿರ ಬೇಡಬೇಕು. ಹೂಳು ತೆಗೆದು ಹೊಲಕ್ಕೆ ಹಾಕಬಹುದಾ?

ಉತ್ತರ: ಹಾಕಿ, ಕೆಂಪು ಮರಳು ಮಣ್ಣಿಗೆ ಕಟ್ಟೆಯ ಹೂಳು ಒಳ್ಳೆಯದು, ತೇವ ಹಿಡಿಯುತ್ತೆ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ಉಪ್ಪು ಜಾಸ್ತಿ ಇದ್ದರೆ ಬೇಡ. ಉದ್ಯೋಗ ಖಾತ್ರಿಯಲ್ಲಿ ಸೇರಿಸಲು ಪಂಚಾಯ್ತಿಯಲ್ಲಿ ಕೇಳಿ. ಜೆಸಿಬಿಯವನು ಸಿಕ್ಕಿದ ಅಂತ ಅಡಿಯ ಜೇಡಿ ಪದರ ಒಡೆಯುವವರೆಗೆ ತೋಡಿಸಬೇಡಿ, ನಿಲ್ಲುವ ನೀರೂ ಇಂಗಿಹೋಗುತ್ತೆ. ಒಂದು ಕಡೆ ಇಳಿಜಾರು ಬಿಡಿಸಿ. ಕಡಿದಾಗಿದ್ದರೆ ಮರಿಗಳು ಜಾರಿ ಬೀಳುತ್ತವೆ.