ಕತ್ತಲೆಗೆ ಹೆದರುವ ಮಗು ಹೇಡಿ ಅಲ್ಲ, ಪುಕ್ಕಲ

ಮೇಡಂ, ನೀವು ಹಾಕಿದ ಕಥೆಯ ಅನುವಾದ ಓದಿದೆ. ಕತ್ತಲಲ್ಲಿ ಹಿತ್ತಲಿಗೆ ಹೋಗಲು ಹೆದರುವ ಆರು ವರ್ಷದ ಮೊಮ್ಮಗನನ್ನು ಅಜ್ಜಿ "ಲೋ ಹೇಡಿ, ಬಾ ಇಲ್ಲಿ" ಅಂತ ಕರೆಯುತ್ತಾಳೆ. ದಯವಿಟ್ಟು ಮೊದಲು ಅದನ್ನು ತೆಗೆಯಿರಿ. ಇದೇ ತಪ್ಪು ನಾನೂ ಮಾಡಿದ್ದೆ.

ಬೇಸಿಗೆ ಶಿಬಿರಕ್ಕೆ ಒಂದು ಪುಟ್ಟ ನಾಟಕ ಕನ್ನಡಕ್ಕೆ ತಂದಿದ್ದೆ. ಸೊಂಟಕ್ಕೆ ಬೆಂಡು ಕಟ್ಟಿಕೊಂಡರೂ ಬಾವಿಗೆ ಇಳಿಯದ ಹುಡುಗ. ತಾಯಿ "ನೀನೊಬ್ಬ ಹೇಡಿ ಕಣೋ" ಅನ್ನಬೇಕು. ತಾಲೀಮಿನಲ್ಲಿ ಆ ಮಾತು ಬಂದಿದ್ದೇ ತಡ, ಹುಡುಗನ ಮುಖ ಸಣ್ಣದಾಯಿತು. ಬೆಂಡಿನ ಹಗ್ಗ ಹಿಡಿದು ತಲೆ ತಗ್ಗಿಸಿ ನಿಂತ, ಮುಂದಿನ ಮಾತೇ ಹೊರಡಲಿಲ್ಲ. ಮೊಮ್ಮಗಳ ಜೊತೆ ಬಂದಿದ್ದ ಅಜ್ಜಿಯೊಬ್ಬರು ಕೂತಲ್ಲಿಂದಲೇ ಕೇಳಿದರು: "ಹೆತ್ತೋಳು ಮಗೂಗೆ ಹಂಗಂತಾಳೇನಪ್ಪಾ? ಪುಕ್ಕಲ ಅನ್ನು, ಸಾಕು." ಬದಲಾಯಿಸಿದೆವು. ಅದೇ ಹುಡುಗ ನಗುತ್ತಾ ಆಡಿದ.

ಹೊಣೆ ಹೊತ್ತವನು ಬೆನ್ನು ತೋರಿಸಿದರೆ ಹೇಡಿ. ರಣಹೇಡಿ ಅನ್ನೋದು ಅದಕ್ಕೇ. ನಿರಾಯುಧರ ಮೇಲೆ ಕದ್ದು ದಾಳಿ ಮಾಡಿದರೆ ಪತ್ರಿಕೆಯವರು "ಹೇಡಿತನದ ಕೃತ್ಯ" ಅಂತ ಬರೆಯುತ್ತಾರೆ. ಅಲ್ಲಿ ಪುಕ್ಕಲುತನ ಅಂತ ಹಾಕಿ ನೋಡಿ, ಕೂರುವುದೇ ಇಲ್ಲ ಅಲ್ವಾ? ಹೇಡಿಯಲ್ಲಿ ತಿರಸ್ಕಾರ ಇದೆ. ಪುಕ್ಕಲ, ಪುಕ್ಕಲಿ ಅನ್ನುವಾಗ ಸಲಿಗೆಯೂ ಇರಬಹುದು. ಆದರೆ ಅದನ್ನೂ ಹತ್ತು ಜನರೆದುರು ದೊಡ್ಡವರಿಗೆ ಅಂದರೆ ನೋವಾಗುತ್ತದೆ.

ಅಂಜುಬುರುಕ ಬೇರೆ. ಅಳುಬುರುಕ ಇದ್ದ ಹಾಗೆ, ಅದು ಸ್ವಭಾವ. ಒಂದು ದಿನ ನಾಯಿ ಕಂಡು ಓಡಿದವನು ಅಂಜುಬುರುಕ ಆಗುವುದಿಲ್ಲ. ಅಲ್ಲಿ "ಹೆದರಿಬಿಟ್ಟ" ಸಾಕು. ಒಂದು ಗಳಿಗೆ ಹಿಂದೆಮುಂದೆ ನೋಡಿದರೆ "ಅಳುಕಿದ".

ಹೇಡಿ ಬದಲು ಉತ್ತರಕುಮಾರ ಅಂತ ಹಾಕಿ ಎಂದು ನಿಮ್ಮ ಕಥೆಯ ಕೆಳಗೆ ಕಾಮೆಂಟಿನಲ್ಲಿ ಒಬ್ಬರು ಹೇಳಿದ್ದಾರೆ. ಬೇಡವೇ ಬೇಡ. ಅದಕ್ಕೆ ಮೊದಲು ಬಡಾಯಿ ಇರಬೇಕು. ಅಂತಃಪುರದಲ್ಲಿ ಹೆಂಗಸರ ಮುಂದೆ ಕೊಚ್ಚಿಕೊಂಡವನು ಕೌರವರ ಸೇನೆ ಕಂಡ ಕೂಡಲೇ ರಥದಿಂದ ಹಾರಿ ಓಡಿದ. ಬೃಹನ್ನಳೆ ವೇಷದ ಅರ್ಜುನ ಬೆನ್ನಟ್ಟಿ ಹಿಡಿದು ತಂದ. "ಉತ್ತರನ ಪೌರುಷ ಒಲೆಯ ಮುಂದೆ" ಅನ್ನುವ ಗಾದೆ ಬಂದದ್ದು ಹಾಗೆ. ನಿಮ್ಮ ಹುಡುಗ ಎಲ್ಲಿ ಕೊಚ್ಚಿಕೊಂಡ? ಇನ್ನೊಂದು ಮಾತು. ಅದೇ ಉತ್ತರ ಆಮೇಲೆ ಅರ್ಜುನನಿಗೇ ಸಾರಥಿಯಾದ. ಕುರುಕ್ಷೇತ್ರದ ಮೊದಲ ದಿನವೇ ಶಲ್ಯನ ಕೈಯಲ್ಲಿ ಸತ್ತ. ಜನ ಇದನ್ನು ಮರೆತೇಬಿಡುತ್ತಾರೆ.

"ಬಳೆ ತೊಟ್ಟುಕೋ" ಕೂಡ ಬೇಡ. ಹೆಂಗಸರನ್ನು ಕೀಳು ಮಾಡುವ ಬೈಗುಳ ಅದು. ಮಕ್ಕಳ ಕಥೆಗೆ ಖಂಡಿತ ಬೇಡ.

ಮೊಬೈಲಿನ ಅನುವಾದ ಆ್ಯಪ್ ನಂಬಬೇಡಿ. ನನಗೆ ಹೇಡಿ ಕೊಟ್ಟಿದ್ದು ಅಂಥದ್ದೇ ಒಂದು. ಪದ ಹುಡುಕಲು ಅಲರ್ ಅನ್ನುವ ಆನ್‌ಲೈನ್ ಕನ್ನಡ-ಇಂಗ್ಲಿಷ್ ನಿಘಂಟು ನನಗೆ ಇಷ್ಟ, ಬೇಗ ಸಿಗುತ್ತದೆ. 1894ರ ಕಿಟೆಲ್ ನಿಘಂಟು ಹಳೆಯ ಮಾತುಗಳಿಗೆ ಬಂಗಾರ. ಆದರೆ ಇವತ್ತಿನ ಅಜ್ಜಿ ಹೇಗೆ ಮಾತಾಡುತ್ತಾಳೆ ಅಂತ ಅದರಲ್ಲಿ ಹುಡುಕಬೇಡಿ. ಸಾಲನ್ನು ಗಟ್ಟಿಯಾಗಿ ಓದಿ, ಮನೆಯ ಹಿರಿಯರಿಗೆ ಕೇಳಿಸಿ. ನಾನು ಈಗ ಮಾಡುವುದು ಅಷ್ಟೇ.

ಹಾಗೇ, ಕಥೆಯ ಕೊನೆಯಲ್ಲಿ ನೆಂಟರು ಬಂದಾಗ ಬಾಗಿಲ ಹಿಂದೆ ನಿಲ್ಲುವ ತಂಗಿಯನ್ನೂ "ಅಂಜುಬುರುಕಿ" ಮಾಡಿದ್ದೀರಿ. ಅವಳಿಗೆ ಹೆದರಿಕೆ ಇಲ್ಲ ಮೇಡಂ, ನಾಚಿಕೆ. ಅಲ್ಲಿ "ನಾಚಿಕೊಂಡು ನಿಂತಳು" ಅಂತ ಬರೆಯಿರಿ.