ಶಿರಸಿಯ ತಂಗಿಗೆ: ಜರ್ಮನಿ, ಸ್ಕಾಲರ್‌ಶಿಪ್, ಮತ್ತೆ ಸ್ವಲ್ಪ ಇಲ್ಲಿಯ ಬದುಕು

ತಂಗೀ, ನಿನ್ನ ಪ್ರಶ್ನೆ ಓದಿದೆ. ಶಿರಸಿ ಅರಣ್ಯ ಕಾಲೇಜಿನಲ್ಲಿ ಬಿ.ಎಸ್ಸಿ. ಮುಗಿಸಿದ್ದೀಯ, ಕಳೆದ ವರ್ಷದಿಂದ ಸಿದ್ದಾಪುರದ ಕಡೆ ಕಾಡಿನ ಹುಳಿ ಹಣ್ಣು ಉಪ್ಪಾಗೆ ಕೊಯ್ಯುವ ಮನೆಗಳ ಜೊತೆ ಕೆಲಸ ಮಾಡುತ್ತಿದ್ದೀಯ. ಜರ್ಮನಿಯಲ್ಲಿ ಎಂ.ಎಸ್ಸಿ. ಮಾಡುವ ಆಸೆ, ಮನೆಯಲ್ಲಿ ಸಣ್ಣ ತೋಟ ಬಿಟ್ಟರೆ ಬೇರೆ ಆದಾಯ ಇಲ್ಲ. ಸ್ಕಾಲರ್‌ಶಿಪ್ ಸಿಗುತ್ತದಾ, ಅಲ್ಲಿ ಬದುಕು ಹೇಗೆ, ಪಿಯುಸಿ ಮುಗಿಸಿದ ತಮ್ಮನಿಗೂ ಏನಾದರೂ ದಾರಿ ಇದೆಯಾ ಅಂತ ಕೇಳಿದ್ದೀಯ. ನಾನು ಕುಮಟಾದವಳು, ಇಲ್ಲಿಗೆ ಬಂದು ಬಹಳ ವರ್ಷವಾಯಿತು. ಊರಿನ ಹುಡುಗರಿಗೆ ಅರ್ಜಿ ತುಂಬಿಸಿ ಅಭ್ಯಾಸ ಇದೆ, ಹಾಗಾಗಿ ನೇರವಾಗಿಯೇ ಹೇಳುತ್ತೇನೆ.

ಈ ವರ್ಷ ಹೊರಡಬೇಡ. ಇನ್ನೊಂದು ವರ್ಷ ಅದೇ ಕೆಲಸದಲ್ಲಿರು.

ಬೇಜಾರು ಮಾಡ್ಕೋಬೇಡ, ಕಾರಣ ಕೇಳು. ಜರ್ಮನ್ ಸರ್ಕಾರದ ದುಡ್ಡಿನಿಂದ ನಡೆಯುವ ಡಿ.ಎ.ಎ.ಡಿ. ಸಂಸ್ಥೆಯ ಸ್ಕಾಲರ್‌ಶಿಪ್‌ಗಳಲ್ಲಿ ಇ.ಪಿ.ಒ.ಎಸ್. ಅಂತ ಒಂದಿದೆ. ನಮ್ಮಂಥ ದೇಶಗಳವರಿಗಾಗಿಯೇ ಇರುವ, ಅಭಿವೃದ್ಧಿಗೆ ಸಂಬಂಧಪಟ್ಟ ಕೋರ್ಸುಗಳ ಒಂದು ಪಟ್ಟಿ. ತಿಂಗಳ ಖರ್ಚು, ಆರೋಗ್ಯ ವಿಮೆ, ಪ್ರಯಾಣಕ್ಕೊಂದು ಮೊತ್ತ ಎಲ್ಲ ಅವರೇ ಕೊಡುತ್ತಾರೆ. ಆದರೆ ಕನಿಷ್ಠ 2 ವರ್ಷ ಕೆಲಸದ ಅನುಭವ ಬೇಕು, ಕೊನೆಯ ಪದವಿ 6 ವರ್ಷಕ್ಕಿಂತ ಹಳೆಯದಾಗಿರಬಾರದು. ಮಾರ್ಕ್ಸ್ ಎಷ್ಟೇ ಇರಲಿ, ನೇರ ಕಾಲೇಜಿನಿಂದ ಬಂದವರಿಗೆ ಇದು ಇಲ್ಲ. ನಿನಗೆ ಒಂದು ವರ್ಷ ಆಗಿಯೇ ಹೋಗಿದೆ, ಅಲ್ವಾ? ಇನ್ನೊಂದು ವರ್ಷ ನಿಂತರೆ ಈ ಬಾಗಿಲು ತೆರೆಯುತ್ತದೆ. ಡ್ರೆಸ್ಡೆನ್ ವಿಶ್ವವಿದ್ಯಾಲಯದ ಥರಾಂಟ್‌ನಲ್ಲಿ 1811ರಿಂದ ಅರಣ್ಯ ಪಾಠ ನಡೆಯುತ್ತಿದೆ. ಅಲ್ಲಿಯ ಉಷ್ಣವಲಯದ ಅರಣ್ಯಶಾಸ್ತ್ರದ ಎಂ.ಎಸ್ಸಿ. ಬಹಳ ಕಾಲದಿಂದ ಈ ಪಟ್ಟಿಯಲ್ಲಿ ಬರುತ್ತಿದೆ, ಆದರೂ ಆಯಾ ವರ್ಷದ ಪಟ್ಟಿಯನ್ನು ನೀನೇ ತೆಗೆದು ನೋಡು. ಅರ್ಜಿ ಹೋಗುವುದು ಕೋರ್ಸಿನವರಿಗೆ, ಡಿ.ಎ.ಎ.ಡಿ.ಗಲ್ಲ. ಕೊನೆಯ ದಿನ ಕೋರ್ಸಿನಿಂದ ಕೋರ್ಸಿಗೆ ಬೇರೆ. ಹೆಚ್ಚಿನವು ತರಗತಿ ಶುರುವಾಗುವ ಒಂದು ವರ್ಷ ಮೊದಲೇ ಮುಗಿದುಹೋಗುತ್ತವೆ. ನಮ್ಮವರು ಸೋಲುವುದು ಜಾಸ್ತಿ ಇಲ್ಲೇ.

ಅನುಭವದ ಸರ್ಟಿಫಿಕೇಟ್ ಒಂದೇ ಅಲ್ಲ, ನಿನ್ನ ಕೆಲಸವೇ ನಿನ್ನ ಅರ್ಜಿಯ ಜೀವ. ಯಾಕೆ ಓದಬೇಕು ಅಂತ ಅರ್ಜಿಯ ಜೊತೆ ಬರೆಯುವ ಪತ್ರಗಳಲ್ಲಿ ಹತ್ತಕ್ಕೆ ಒಂಬತ್ತು "ನನಗೆ ಚಿಕ್ಕಂದಿನಿಂದಲೂ ಪ್ರಕೃತಿ ಎಂದರೆ ಪ್ರೀತಿ" ಅಂತಲೇ ಶುರುವಾಗುತ್ತವೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ನೀನು ಹೀಗೆ ಶುರು ಮಾಡು: ಉಪ್ಪಾಗೆ ಹಣ್ಣಾಗುವುದು ಸುರಿಯುವ ಮಳೆಯಲ್ಲಿ. ಬಿಸಿಲಿಲ್ಲ, ಆದ್ದರಿಂದ ಸಿಪ್ಪೆಯನ್ನು ಬೆಂಕಿಯ ಮೇಲೆ ಒಣಗಿಸಬೇಕು. ಅದಕ್ಕೆ ರಾಶಿ ರಾಶಿ ಸೌದೆ ಬೇಕು, ಆ ಸೌದೆ ಅದೇ ಕಾಡಿನದ್ದು. ಹಣ್ಣು ಮಾರಿ ಬದುಕುವ ಮನೆ, ಹಣ್ಣು ಒಣಗಿಸಲು ಮರ ಸುಡುತ್ತದೆ. ಸೌದೆ ಉಳಿಸಲು ನೀವು ಕೊಟ್ಟ ಹೊಸ ಒಲೆಯಲ್ಲಿ ಒಂದು ಮನೆಗೆ ಎಷ್ಟು ಹೊರೆ ಸೌದೆ ಉಳಿಯಿತು, ಎಷ್ಟು ಮನೆಯವರು ಹಳೆ ಒಲೆಗೇ ವಾಪಸ್ ಹೋದರು, ಯಾಕೆ ಹೋದರು? ಈ ಲೆಕ್ಕವನ್ನು ಈ ಮಳೆಗಾಲದಲ್ಲೇ ಒಂದು ನೋಟ್‌ಬುಕ್ಕಿನಲ್ಲಿ ದಿನ ಹಾಕಿ ಬರೆದಿಡು. ಫೋಟೋಗಿಂತ ಅದು ಮುಖ್ಯ. ಸೊಪ್ಪಿನ ಬೆಟ್ಟದ ಪದ್ಧತಿಯನ್ನೂ ಎರಡು ಸಾಲಿನಲ್ಲಿ ವಿವರಿಸು. ತೋಟಕ್ಕೆ ಸೊಪ್ಪು ಕೊಯ್ಯಲು ಬ್ರಿಟಿಷರ ಕಾಲದಿಂದ ರೈತನಿಗೆ ಕಾಡಿನ ಮೇಲೆ ಹಕ್ಕು ಇರುವುದು ಇಲ್ಲಿಯವರಿಗೆ ತುಂಬ ಕುತೂಹಲದ ವಿಷಯ. 1983ರಲ್ಲಿ ಸಾಲ್ಕಣಿಯಲ್ಲಿ ಜನ ಮರ ಅಪ್ಪಿ ನಿಂತದ್ದು ನಿನ್ನ ಕಾಲೇಜಿನಿಂದ ದೂರವೇನಲ್ಲ. ಹಿಮಾಲಯದ ಚಿಪ್ಕೊ ಗೊತ್ತಿರುವ ಪ್ರೊಫೆಸರಿಗೂ ನಮ್ಮ ಈ ಅಪ್ಪಿಕೊ ಚಳವಳಿ ಗೊತ್ತಿರುವುದಿಲ್ಲ, ಹೇಳು. ಕೊನೆಗೆ, ಓದಿ ಬಂದು ಸಿದ್ದಾಪುರದಲ್ಲಿ ಏನು ಮಾಡುತ್ತೀಯ ಅನ್ನುವುದು ಸ್ಪಷ್ಟವಾಗಿರಲಿ, ಯಾಕೆಂದರೆ ಈ ದುಡ್ಡು ಇಡುವುದೇ ಅದಕ್ಕಾಗಿ.

ಎರಾಸ್ಮಸ್ ಮುಂಡುಸ್‌ಗೂ ಅರ್ಜಿ ಹಾಕು. ಅದು ಯುರೋಪ್ ಒಕ್ಕೂಟದ್ದು, ಎರಡು ಮೂರು ದೇಶದಲ್ಲಿ ಓದುವುದು. ಸ್ಕಾಲರ್‌ಶಿಪ್ ಸಿಕ್ಕರೆ ಫೀಸು ಇಲ್ಲ, ತಿಂಗಳಿಗೆ 1,400 ಯೂರೋ. ಕೆಲಸದ ಅನುಭವ ಕಡ್ಡಾಯವಲ್ಲ, ಆದರೆ ಪೈಪೋಟಿ ವಿಪರೀತ.

ಎರಡೂ ಸಿಗದಿದ್ದರೆ? ಆಗ ಫೀಸಿಲ್ಲದ ಜಾಗ ಆರಿಸುವುದೇ ದೊಡ್ಡ ಸ್ಕಾಲರ್‌ಶಿಪ್. ಇಲ್ಲಿಯ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೆಚ್ಚಿನ ಕಡೆ ಫೀಸು ಇಲ್ಲ, ಸೆಮಿಸ್ಟರಿಗೊಂದು ಸಣ್ಣ ಮೊತ್ತ ಅಷ್ಟೆ. ಆದರೆ ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ 2017ರಿಂದ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯೂರೋ. ಫ್ರೈಬುರ್ಗ್ ಆ ರಾಜ್ಯದಲ್ಲಿದೆ, ಗಟಿಂಗೆನ್ ಇಲ್ಲ. ಎರಡೂ ಕಡೆ ಅರಣ್ಯಶಾಸ್ತ್ರ ಚೆನ್ನಾಗಿದೆ. ನಾನಾದರೆ ಗಟಿಂಗೆನ್‌ಗೆ ಹೋಗುತ್ತೇನೆ.

ಫೀಸು ಇಲ್ಲ ಅಂದ ಮಾತ್ರಕ್ಕೆ ಖರ್ಚಿಲ್ಲ ಅಂತಲ್ಲ. ವೀಸಾಕ್ಕೆ ಒಂದು ವರ್ಷದ ಖರ್ಚು, 2024ರ ಸೆಪ್ಟೆಂಬರ್‌ನಿಂದ 11,904 ಯೂರೋ, ಬ್ಲಾಕ್ಡ್ ಅಕೌಂಟಿನಲ್ಲಿ ಇಡಬೇಕು. ತಿಂಗಳಿಗೆ 992 ಮಾತ್ರ ಕೈಗೆ ಬರುತ್ತದೆ. ಪೂರ್ತಿ ಸ್ಕಾಲರ್‌ಶಿಪ್ ಇದ್ದವರಿಗೆ ಇದರ ತಲೆಬಿಸಿ ಇಲ್ಲ. ಇದಕ್ಕೆ ತೋಟ ಅಡವಿಡುವ ಮೊದಲು ಜೆ.ಎನ್. ಟಾಟಾ ಎಂಡೋಮೆಂಟ್, ಕೆ.ಸಿ. ಮಹೀಂದ್ರ ಟ್ರಸ್ಟ್ ನೋಡು. ಇವು ದಾನ ಅಲ್ಲ, ಸಾಲ. ಮಹೀಂದ್ರದವರದ್ದು ಬಡ್ಡಿ ಇಲ್ಲದ ಸಾಲ. ನಿನ್ನ ಕ್ಲಾಸಿನಲ್ಲಿ ಪರಿಶಿಷ್ಟ ಜಾತಿಯ ಹುಡುಗರೋ, ಪರಿಶಿಷ್ಟ ಪಂಗಡಕ್ಕೆ ಸೇರಿದ ಹಳಿಯಾಳ ಯಲ್ಲಾಪುರದ ಸಿದ್ದಿ ಹುಡುಗರೋ ಇದ್ದರೆ ದಯವಿಟ್ಟು ಅವರಿಗೂ ತಿಳಿಸು. ಕೇಂದ್ರದ ನ್ಯಾಷನಲ್ ಓವರ್‌ಸೀಸ್ ಸ್ಕಾಲರ್‌ಶಿಪ್ ಇದೆ, ನಮ್ಮ ರಾಜ್ಯದ ಪ್ರಬುದ್ಧ ಯೋಜನೆ ಇದೆ. ಅರ್ಹತೆ ಇದ್ದೂ ಸುದ್ದಿಯೇ ತಲುಪದೆ ಉಳಿಯುವುದು ನೋಡಿದರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಬಂದ ಮೇಲೂ ದಾರಿಗಳಿವೆ. ಡಾಯ್ಚ್‌ಲಾಂಡ್‌ಸ್ಟಿಪೆಂಡಿಯುಂ ಅಂತ ತಿಂಗಳಿಗೆ 300 ಯೂರೋ, ಯಾವ ದೇಶದವರಾದರೂ ಸರಿ, ವಿಶ್ವವಿದ್ಯಾಲಯದಲ್ಲೇ ಅರ್ಜಿ. ಹೈನ್ರಿಷ್ ಬ್ಯೋಲ್, ಫ್ರೀಡ್ರಿಷ್ ಎಬರ್ಟ್ ಥರದ ಪ್ರತಿಷ್ಠಾನಗಳು ಮಾರ್ಕ್ಸ್ ಜೊತೆ ಸಮಾಜದ ಕೆಲಸ ನೋಡುತ್ತವೆ, ಜರ್ಮನ್ ಭಾಷೆಯೂ ಚೆನ್ನಾಗಿ ಬರಬೇಕು. ನಿನ್ನ ಎನ್.ಎಸ್.ಎಸ್. ಶಿಬಿರ, ಊರಿನ ಶಾಲೆಯ ಮಕ್ಕಳಿಗೆ ಪಾಠ ಹೇಳಿದ್ದು, ಎಲ್ಲಕ್ಕೂ ಈಗಲೇ ಒಂದೊಂದು ಪತ್ರ ಬರೆಸಿಕೋ. ಇಲ್ಲಿ ಕುಳಿತು ಅಲ್ಲಿಂದ ಸಹಿ ತರಿಸುವುದು ಕಷ್ಟ ಮಾರಾಯ್ತಿ. ಪಾರ್ಟ್‌ಟೈಮ್ ಕೆಲಸಕ್ಕೆ ವರ್ಷಕ್ಕೆ 140 ಪೂರ್ತಿ ದಿನ, ಇಲ್ಲವೇ 280 ಅರ್ಧ ದಿನ ಅವಕಾಶ. ಮೊದಲ ಸೆಮಿಸ್ಟರಿನಲ್ಲಿ ಇದನ್ನು ನಂಬಿಕೊಂಡು ಬರಬೇಡ.

ಬದುಕು ಹೇಗೆ ಅಂದೆಯಲ್ಲ. ಶಿರಸಿ ಮಳೆ ಕಂಡವಳಿಗೆ ಇಲ್ಲಿಯ ಮಳೆ ಏನೂ ಅಲ್ಲ. ಚಳಿಗೂ ಬಟ್ಟೆ ಇದೆ. ಕಷ್ಟ ಅಂದರೆ ಡಿಸೆಂಬರಿನಲ್ಲಿ ಸಂಜೆ ನಾಲ್ಕಕ್ಕೆ ಕತ್ತಲು, ಮಾತಿಗೆ ಯಾರೂ ಇಲ್ಲದ ಭಾನುವಾರ. ಜರ್ಮನ್ ಕಲಿತಷ್ಟೂ ಅದು ಹಗುರ. ಅಡ್ಮಿಷನ್ ಬಂದ ದಿನವೇ ವಿದ್ಯಾರ್ಥಿ ಹಾಸ್ಟೆಲ್ಲಿಗೆ ಅರ್ಜಿ ಹಾಕು, ರೂಮು ಸಿಗುವುದು ನಿಧಾನ.

ತಮ್ಮನಿಗೆ: ಇಲ್ಲಿ ಎಫ್.ಎಸ್.ಜೆ. ಅಂತ 27 ವರ್ಷದೊಳಗಿನವರಿಗೆ ಒಂದು ವರ್ಷದ ಸ್ವಯಂಸೇವೆ ಇದೆ. ವೃದ್ಧಾಶ್ರಮ, ಶಿಶುವಿಹಾರ, ಆಸ್ಪತ್ರೆಗಳಲ್ಲಿ ಕೆಲಸ, ಕೈಖರ್ಚು, ವಿಮೆ. ಕೆಲವು ಕಡೆ ಇರಲು ಜಾಗವೂ. ಅದು ಸಂಬಳದ ಕೆಲಸ ಅಲ್ಲ, ಊರಿಗೆ ದುಡ್ಡು ಕಳಿಸಲು ಆಗುವುದಿಲ್ಲ. ಮೊದಲು ಜರ್ಮನ್ ಕಲಿಯಲಿ. "ಸೀಟು ಕೊಡಿಸುತ್ತೇವೆ" ಅಂತ ಲಕ್ಷಗಟ್ಟಲೆ ಕೇಳುವವರಿಗೆ ಒಂದು ರೂಪಾಯಿಯೂ ಕೊಡಬೇಡಿ. ನಮ್ಮ ಓದಿನ ದಾಖಲೆಗಳು ಅಸಲಿ ಅಂತ ಪರಿಶೀಲಿಸಿ ಕೊಡುವ, ವಿದ್ಯಾರ್ಥಿ ವೀಸಾಕ್ಕೆ ನಮ್ಮವರಿಗೆ ಬೇಕಾದ ಎ.ಪಿ.ಎಸ್. ಸರ್ಟಿಫಿಕೇಟಿಗೆ 18,000 ರೂಪಾಯಿ ಫೀಸು ನಿಜ, ಅದನ್ನು ನೀನೇ ನೇರವಾಗಿ ಕಟ್ಟಬಹುದು.

ಉಪ್ಪಾಗೆ ಪತ್ರದ ಮೊದಲ ಕರಡು ಕನ್ನಡದಲ್ಲೇ ಬರೆದು ಕಳಿಸು. ಓದಿ ಹೇಳುತ್ತೇನೆ, ಇಂಗ್ಲಿಷ್ ಆಮೇಲೆ ಮಾಡೋಣ.